ಡೆಲ್ಕೋ ಡಬ್ಬಿಯೊಳಗಿನ ಕಿಡಿ

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ಮುಂಬಯಿಯ ಯಾವ ಕನ್ನಡಿಗನೂ ಮರೆತಿರಲಾರ. ಡೊಂಬಿವಲಿ, ಕಲ್ಯಾಣಗಳ ಕಡೆ ಇದ್ದ ನಮಗೂ ಅಂದು ಉಲ್ಹಾಸ ನದಿ ಮನೆಬಾಗಿಲಿಗೇ ಬಂದು ದರ್ಶನವಿತ್ತಿತು. ನಮ್ಮ ಹಳೆಯ ಪೆಟ್ರೋಲ್ ಜೀಪು ಆ ಸಂಜೆ ಶಿಳ್‌ಫಾಟಾದ ರಸ್ತೆಯಲ್ಲಿ ನಿಂತುಬಿಟ್ಟಿತು. ನಾಲ್ಕೂ ಚಕ್ರಗಳಿಗೆ ಬಲ ಕೊಡುವ, ಕೆಸರು ಕಲ್ಲು ಯಾವುದಕ್ಕೂ ಬಗ್ಗದ ಗಾಡಿ, ಎಂಜಿನ್ನಿನ ಪಕ್ಕೆಗೆ ಅಂಟಿಕೊಂಡಿರುವ ಹಿಡಿಗಾತ್ರದ ಒಂದು ಡಬ್ಬಿಯೊಳಗೆ ನೀರಿನ ಪಸೆ ಸೇರಿತೆಂಬ ಕಾರಣಕ್ಕೆ ಸತ್ತಂತೆ ನಿಂತಿತು.

ಪುಸ್ತಕದಲ್ಲಿ ಆ ಡಬ್ಬಿಯ ಹೆಸರು ಡಿಸ್ಟ್ರಿಬ್ಯೂಟರ್. ನಮ್ಮ ಗ್ಯಾರೇಜುಗಳಲ್ಲಿ ಮಾತ್ರ ಅದು 'ಡೆಲ್ಕೋ'. ಈ ಅಡ್ಡಹೆಸರಿನಲ್ಲಿಯೇ ಒಂದು ಇತಿಹಾಸ ಅಡಗಿದೆ. ಅಮೆರಿಕದ ಒಹಾಯೊ ಸೀಮೆಯ ಡೇಟನ್ ಎಂಬ ಊರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಮತ್ತು ಎಡ್ವರ್ಡ್ ಡೀಡ್ಸ್ 1909ರಲ್ಲಿ ಕಟ್ಟಿದ ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿಯ ಮೊದಲಕ್ಷರಗಳೇ ಡೆಲ್ಕೋ. ಬ್ಯಾಟರಿಯಿಂದ ಕಿಡಿ ಹೊರಡಿಸುವ ಕೆಟರಿಂಗನ ವ್ಯವಸ್ಥೆ 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. ಕಂಪನಿಯ ಹೆಸರೇ ವಸ್ತುವಿನ ಹೆಸರಾಗಿ ಸಮುದ್ರ ದಾಟಿ ಕುರ್ಲಾದ ಸಿ.ಎಸ್.ಟಿ. ರಸ್ತೆಯ ಬಿಡಿಭಾಗದ ಅಂಗಡಿಗಳವರೆಗೂ ಬಂದು ನೆಲೆಸಿತು.

ಅದರ ಕೆಲಸ ಕೇಳಲು ಸುಲಭ. ಎರಡು ಪುಟ್ಟ ಲೋಹದ ತುದಿಗಳು, ಅಂದರೆ 'ಪಾಯಿಂಟು'ಗಳು, ಕೂಡಿದಾಗ ಕಾಯಿಲ್‌ನಲ್ಲಿ ವಿದ್ಯುತ್ತು ಹರಿಯುತ್ತದೆ. ಅವು ಅಗಲಿದೊಡನೆ ಕಾಯಿಲ್‌ನ ಅಯಸ್ಕಾಂತ ಬಲ ಕುಸಿದು ಸಾವಿರಾರು ವೋಲ್ಟಿನ ಕಿಡಿ ಪ್ಲಗ್ಗಿಗೆ ಹಾರುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಡಿಸ್ಟ್ರಿಬ್ಯೂಟರ್ 1500 ಸುತ್ತು ತಿರುಗಬೇಕು; ಪ್ರತಿ ಸುತ್ತಿಗೂ ನಾಲ್ಕು ಸಲ ಪಾಯಿಂಟು ತೆರೆಯಬೇಕು. ನಿಮಿಷಕ್ಕೆ 6000 ಸಲ, ಅಂದರೆ ಸೆಕೆಂಡಿಗೆ ನೂರು! ಇಷ್ಟು ಸಲ ಬಡಿದುಕೊಂಡು, ಪ್ರತಿ ಸಲವೂ ಸ್ವಲ್ಪ ಸುಟ್ಟುಕೊಂಡು, ಇಂಚಿನ ಸಾವಿರದ ಇಪ್ಪತ್ತು ಭಾಗದಷ್ಟು ಸಂದನ್ನು ಕಾಪಾಡಿಕೊಳ್ಳಬೇಕೆಂದರೆ ಯಾವ ಲೋಹಕ್ಕೆ ತಾನೆ ಸಾಧ್ಯ? ಆದುದರಿಂದಲೇ ಜೀಪಿನ ಯಜಮಾನನಾದವನು ಫಿಲ್ಲರ್ ಗೇಜನ್ನೂ ಪಾಲಿಶ್ ಕಾಗದವನ್ನೂ ಜೊತೆಗಿಟ್ಟುಕೊಂಡೇ ಮನೆ ಬಿಡುತ್ತಿದ್ದುದು. ಗೇಜಿಲ್ಲದವರು ಹ್ಯಾಕ್ಸಾ ಬ್ಲೇಡಿನಿಂದಲೇ ಅಂದಾಜು ಮಾಡಿದ್ದೂ ಉಂಟು.

ಜೀಪಿಗೂ ನಮ್ಮ ಈ ಸೀಮೆಗೂ ನಂಟು ಹಳೆಯದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ಮಾಡಿದುವು. ಆಗ ಕಲ್ಯಾಣದ ಹೊರಗೆ ದೊಡ್ಡದೊಂದು ಸೈನ್ಯ ಶಿಬಿರವಿದ್ದಿತು. ದೇಶ ಒಡೆದ ಮೇಲೆ ಸಿಂಧಿ ನಿರಾಶ್ರಿತರು ಅಲ್ಲಿ ನೆಲೆಗೊಂಡು, 1949ರಲ್ಲಿ ಆ ಶಿಬಿರವೇ ಉಲ್ಹಾಸನಗರವಾಯಿತು. ಸ್ವಾತಂತ್ರ್ಯದ ಹೊಸತರಲ್ಲಿಯೇ ಮಹೀಂದ್ರ ಕಂಪನಿಯವರು ವಿಲ್ಲೀಸ್ ಜೀಪುಗಳನ್ನು ಬಿಡಿಭಾಗಗಳಾಗಿ ತರಿಸಿ ಮುಂಬಯಿಯ ಮಜಗಾಂವ್‌ನಲ್ಲಿ ಜೋಡಿಸತೊಡಗಿದರು. ನಮ್ಮದು ಆ ವಂಶದ ಸಿ.ಜೆ. 3ಬಿ. ಮೂತಿ ಎತ್ತರವಾದುದರಿಂದ 'ಹೈ ಬಾನೆಟ್' ಎಂದು ಹೆಸರು. ಒಳಬರುವ ವಾಲ್ವುಗಳನ್ನು ಮೇಲಿನ ಹೆಡ್ಡಿಗೆ ಏರಿಸಿದ 'ಹರಿಕೇನ್' ಎಂಜಿನ್ನು ಹಳೆಯ ಬಾನೆಟ್ಟಿನಡಿ ಹಿಡಿಸಲಿಲ್ಲ, ಬಾನೆಟ್ಟನ್ನೇ ಎತ್ತರಿಸಿದರು, ಅಷ್ಟೆ. ಅಮೆರಿಕದಲ್ಲಿ 1968ಕ್ಕೇ ನಿಂತುಹೋದ ಈ ಮಾದರಿ ನಮ್ಮಲ್ಲಿ ಆಮೇಲೂ ಬಹುಕಾಲ ಬಾಳಿತು. ಚಾರ್ಮಾಡಿಯಲ್ಲೋ ಚಿಕ್ಕಮಗಳೂರಿನ ಕಾಫಿ ತೋಟದಲ್ಲೋ ಜೀಪು ಹತ್ತಿ ಬೆಳೆದವರಿಗೆ ಅದರ ಗುರುತು ಹೇಳಬೇಕಾದುದಿಲ್ಲ.

ಪಾಯಿಂಟಿಗೆ ಬದಲಿ ಹುಡುಕುವ ಕೆಲಸವೂ ಹಳೆಯದೇ. 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಅರುವತ್ತರ ದಶಕದಲ್ಲಿ ಅದು ಕಾರಿನ ಇಗ್ನಿಷನ್ನಿಗೂ ಕಾಲಿಟ್ಟಿತು. 1970ರ ಶುದ್ಧಗಾಳಿಯ ಕಾನೂನು ಅಮೆರಿಕದಲ್ಲಿ ಕಾರಿನ ಹೊಗೆಗೆ ಕಡಿವಾಣ ಹಾಕಿತು. ಸವೆಯುವ ಪಾಯಿಂಟಿನಿಂದ ಕಿಡಿಯ ಹೊತ್ತು ತಪ್ಪಿ ಹೊಗೆ ಹೆಚ್ಚುವುದು ಇನ್ನು ನಡೆಯುವಂತಿರಲಿಲ್ಲ. 1973ರ ಹೊತ್ತಿಗೆ ಕ್ರೈಸ್ಲರ್ ಕಂಪನಿ ಅಲ್ಲಿನ ತನ್ನ ಎಲ್ಲಾ ಕಾರುಗಳಿಗೂ ಇಲೆಕ್ಟ್ರಾನಿಕ್ ಇಗ್ನಿಷನ್ ಜೋಡಿಸಿತು.

ನಮ್ಮ ದೇಶದ ಜೀಪು ಈ ದಾರಿ ಹಿಡಿಯಲಿಲ್ಲ. ಅದೇ 1973ರಲ್ಲಿ ಅರಬರು ಎಣ್ಣೆಯ ಬೆಲೆ ಏರಿಸಿದರು. ಲೀಟರಿನ ಲೆಕ್ಕ ಹಾಕುವ ಮಾಲೀಕನಿಗೆ ಪೆಟ್ರೋಲ್ ಜೀಪು ಬಿಳಿಯಾನೆಯಾಯಿತು. ಮಹೀಂದ್ರದವರು ಮೊದಲು ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನನ್ನೂ ಅನಂತರ ಫ್ರಾನ್ಸಿನ ಪ್ಯೂಜೊ ಕಂಪನಿಯ ಪರವಾನಗಿಯ ಡೀಸೆಲ್ ಎಂಜಿನ್ನನ್ನೂ ಜೀಪಿಗೆ ಕೂರಿಸಿದರು. ಹಳೆಯ ಜೀಪಿನವರೂ ಎಂಜಿನ್ನು ಕಿತ್ತು ಡೀಸೆಲ್ ಹಾಕಿಸಿದರು. ಡೀಸೆಲಿಗೆ ಪ್ಲಗ್ಗೂ ಬೇಡ, ಪಾಯಿಂಟೂ ಬೇಡ. ಅಮೆರಿಕನ್ನರು ಕಿಡಿಯನ್ನು ಸುಧಾರಿಸಿದರು, ನಾವು ಕಿಡಿಯನ್ನೇ ಮನೆಯಿಂದ ಹೊರಹಾಕಿದೆವು ಎನ್ನಬಹುದು. ಇದರಲ್ಲಿ ಕನ್ನಡನಾಡಿನ ಪಾಲೂ ಇದೆ. 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, 2008ರಿಂದ ಬಾಷ್ ಎಂದು ಕರೆಸಿಕೊಳ್ಳುತ್ತಿರುವ ಮೈಕೋ ಕಾರ್ಖಾನೆ ಪೆಟ್ರೋಲ್ ಗಾಡಿಗೆ ಸ್ಪಾರ್ಕ್ ಪ್ಲಗ್ಗನ್ನೂ ಡೀಸೆಲ್ ಗಾಡಿಗೆ ಇಂಧನದ ಪಂಪನ್ನೂ ಮಾಡುತ್ತಿದ್ದಿತು. ಯಾರು ಗೆದ್ದರೂ ಆಡುಗೋಡಿಗೆ ನಷ್ಟವಿರಲಿಲ್ಲ!

ಹೀಗಾಗಿ ಅಸಲಿ ಪೆಟ್ರೋಲ್ ಎಂಜಿನ್ನೇ ಉಳಿದಿರುವ ಜೀಪುಗಳು ವಿರಳ. ನಮ್ಮದನ್ನು ಇಲೆಕ್ಟ್ರಾನಿಕ್ ಮಾಡಿಸಬೇಕೆಂದಾಗ ಕಲ್ಯಾಣದ ನಮ್ಮ ಮಿಸ್ತ್ರಿ, ಬೆಳಗಾವಿ ಕಡೆಯವರು, ಒಪ್ಪಲಿಲ್ಲ. "ಸಾಹೇಬ್ರ, ಈ ಡಬ್ಬಿ ಘಾಟಿನ್ಯಾಗ ಕೆಟ್ಟರ ಏನ್ ಮಾಡ್ತೀರಿ? ಪಾಯಿಂಟ್ ಆದರ ತಿಕ್ಕಿಕೊಂಡು ಮನೀಗರ ಬರ್ತೀರಿ" ಎಂದರು. ಇದು ಹಳಬರ ಹಟವೆಂದು ನಗುವ ಮಾತಲ್ಲ. ಸೆನ್ಸಾರು ಕೆಡುವ ಮುನ್ನ ಸೂಚನೆ ಕೊಡುವುದಿಲ್ಲ, ಸುಟ್ಟರೆ ಸುಟ್ಟಿತು. ಎಂಜಿನ್ನು ನಿಲ್ಲಿಸಿ ಕೀಲಿ ಆನ್ ಆಗಿಯೇ ಬಿಟ್ಟರೂ ಕೆಲವು ಬಗೆಯವು ಸುಟ್ಟುಹೋಗುತ್ತವೆ. ಯುದ್ಧಕಾಲದ 6 ವೋಲ್ಟಿನ ಜೀಪಿಗಂತೂ ಈಗ ಸಿಗುವ 12 ವೋಲ್ಟಿನ ಸರಕು ಹೊಂದುವುದೇ ಇಲ್ಲ. ಇನ್ನೊಂದು ಸತ್ಯವನ್ನೂ ಹೇಳಿಬಿಡಬೇಕು. ಆ ಜುಲೈ 26ರ ಸಂಜೆ ನಮ್ಮನ್ನು ನಿಲ್ಲಿಸಿದ್ದು ಮುಚ್ಚಳದೊಳಗಿನ ಪಸೆ. ಮುಚ್ಚಳ, ರೋಟರ್ ಎರಡೂ ಹೊಸ ಪದ್ಧತಿಯಲ್ಲೂ ಹಾಗೆಯೇ ಇರುತ್ತವೆ. ಸೆನ್ಸಾರಿದ್ದರೂ ಅಂದು ಗಾಡಿ ನಿಲ್ಲುತ್ತಿತ್ತು.

ಮತ್ತೊಂದು ತೊಡಕು ಕಾನೂನಿನದು. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ಗಾಡಿ ಮೂಲರೂಪದಲ್ಲಿದ್ದು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರದಿದ್ದರೆ ವಿಂಟೇಜ್ ಎಂದು ನೋಂದಾಯಿಸಿ 'ವಿ.ಎ.' ಅಕ್ಷರಗಳ ಫಲಕ ಪಡೆಯಬಹುದು. ಆದರೆ ಅಂಥ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಡೆಲ್ಕೋದೊಳಗಿನ ಒಂದು ತಟ್ಟೆ ಬದಲಾಯಿಸಿದರೆ ಎಂಜಿನ್ನಿನ ಮೂಲರೂಪ ಕೆಟ್ಟಿತೇ? ಎರಡು ಸ್ಕ್ರೂ ಬಿಚ್ಚಿದರೆ ಮೊದಲಿನಂತೆಯೇ ಆಗುವುದರಿಂದ ಕೆಡಲಿಲ್ಲ ಎಂದೇ ನಮ್ಮ ಅಭಿಪ್ರಾಯ. ಆದರೂ ಫಲಕದ ಆಸೆ ಬಿಟ್ಟೆವು. ಓಡದ ಜೀಪನ್ನು ಇಟ್ಟುಕೊಂಡು ಡೊಂಬಿವಲಿಯಂಥ ಊರಿನಲ್ಲಿ ಮಾಡುವುದೇನು, ನಿಲ್ಲಿಸಲು ಜಾಗವಾದರೂ ಎಲ್ಲಿದೆ?

ಕೊನೆಗೆ ಮಿಸ್ತ್ರಿಯವರ ಕೈಯಿಂದಲೇ ಕೆಲಸವಾಯಿತು. ಪಾಯಿಂಟು, ಕಂಡೆನ್ಸರು ಹೊರಬಂದುವು. ರೋಟರಿನಡಿ ಅಯಸ್ಕಾಂತದ ಉಂಗುರ, ಅದರ ಪಕ್ಕದಲ್ಲಿ 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ತತ್ತ್ವದ ಮೇಲೆ ನಡೆಯುವ ಸೆನ್ಸಾರು ಕುಳಿತವು. ಉಂಗುರದ ಬಿಗಿತ ಹೊಂದಲಿಲ್ಲವೆಂದು ಠಾಣೆಯ ವಾಗ್ಳೆ ಎಸ್ಟೇಟಿನ ಲೇತಿನಲ್ಲಿ ಒಂದು ಬುಷ್ ಮಾಡಿಸಬೇಕಾಯಿತು. ಬೆಳಗಿನ ಸ್ಟಾರ್ಟು ಸಲೀಸಾಯಿತು. ಐಡ್ಲಿಂಗಿನಲ್ಲಿ ಕೆಮ್ಮು ನಿಂತಿತು. ಪೆಟ್ರೋಲ್ ಬಹಳ ಉಳಿಯಿತೆಂದು ಹೇಳಲಾರೆವು.

ಕಳೆದ ಮಳೆಗಾಲದಲ್ಲಿ ಮುರಬಾಡದ ದಾರಿಯಾಗಿ ಮಾಳಶೇಜ್ ಘಾಟಿ ಹತ್ತಿ ಇಳಿದು ಬಂದೆವು. ಮುಚ್ಚಳಕ್ಕೆ ರಬ್ಬರಿನ ಟೊಪ್ಪಿಗೆ ಹಾಕಿದ್ದೆವು. ಮಿಸ್ತ್ರಿಯವರು ತಿಕ್ಕಿ ನಯ ಮಾಡಿಕೊಟ್ಟಿದ್ದ ಹಳೆಯ ಪಾಯಿಂಟು ಬಿಸ್ಕತ್ತಿನ ಡಬ್ಬಿಯಲ್ಲಿ ಸೀಟಿನ ಕೆಳಗಿತ್ತು. ಅದನ್ನು ತೆರೆಯುವ ಪ್ರಸಂಗ ಬರಲಿಲ್ಲ.