ಶ್ರೀರಂಗಪಟ್ಟಣದಿಂದ ಹೋದ ವಜ್ರ

ಏಪ್ರಿಲ್ 10ರಂದು ಫಲಿತಾಂಶ ಓದಿ ಹೇಳಿ, ಹಾಜರಿ ಪುಸ್ತಕ ಒಪ್ಪಿಸಿ, ಬೀರುವಿಗೆ ಬೀಗ ಹಾಕಿದರೆ ನಮ್ಮಂಥ ಉಪಾಧ್ಯಾಯಿನಿಯರಿಗೆ ರಜೆ ಶುರು. ರಜೆ ಎಂದ ಮಾತ್ರಕ್ಕೆ ಹೆಂಗಸರಿಗೆ ಬಿಡುವು ಎಂದರ್ಥವಲ್ಲ. ಮೈಸೂರಿನ ಬೇಸಿಗೆಯ ಬಿಸಿಲು ಹಪ್ಪಳ ಸಂಡಿಗೆಗೆ ಹೇಳಿ ಮಾಡಿಸಿದ್ದು. ಆದರೂ ತಾರಸಿಯ ಮೇಲೆ ಸಂಡಿಗೆ ಇಟ್ಟು ಕಾಗೆ ಕಾಯುವ ಕೆಲಸಕ್ಕೆ ಒಂದು ಕೈ ಸಾಕು. ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿಯಬಹುದು. ನಾನು ಓದಿರುವ ಪತ್ತೇದಾರಿ ಕಾದಂಬರಿಗಳಲ್ಲಿ ಮುಕ್ಕಾಲು ಪಾಲು ಹೀಗೆ ನೆರಳಿಗೆ ಹಳೆಯ ಸೀರೆ ಕಟ್ಟಿಕೊಂಡು ಓದಿದಂಥವು.

ನಮ್ಮ ಹುಡುಗಿತನದಲ್ಲಿ ಬಡಾವಣೆಗೊಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇರುತ್ತಿತ್ತು. ದಿನಕ್ಕಿಷ್ಟು ಪೈಸೆ ಎಂದು ಬಾಡಿಗೆ. ಅಲ್ಲಿಂದ ತಂದ ಪತ್ತೇದಾರಿ ಪುಸ್ತಕಗಳಿಗೆ ಪಠ್ಯಪುಸ್ತಕದ ಹಾಗೆ ಕಂದು ಕಾಗದದ ಹೊದಿಕೆ ಹಾಕಿ ಓದುತ್ತಿದ್ದೆವು. ದೊಡ್ಡವರ ಕಣ್ಣಿಗೆ ಬಿದ್ದರೆ, "ಇಂಥವನ್ನೆಲ್ಲ ಓದಿ ಹಾಳಾಗ್ತೀಯ" ಎಂಬ ಆಶೀರ್ವಾದ ಖಂಡಿತ. ಎಷ್ಟೋ ಪುಸ್ತಕಗಳಲ್ಲಿ ಕೊನೆಯ ಹಾಳೆಯೇ ಇರುತ್ತಿರಲಿಲ್ಲ. ಕೊಲೆಗಾರ ಯಾರೆಂದು ನಾವು ನಾವೇ ತೀರ್ಮಾನ ಮಾಡಿಕೊಳ್ಳಬೇಕಾಗುತ್ತಿತ್ತು.

ಈ ತಾತ್ಸಾರಕ್ಕೆ ಆಧಾರವಿಲ್ಲ ಎಂದು ತಿಳಿದದ್ದು ಬಹಳ ತಡವಾಗಿ. 'ಚೋರಗ್ರಹಣ ತಂತ್ರ' ಎಂಬ ಪುಸ್ತಕ ನಮ್ಮ ಕನ್ನಡದಲ್ಲಿದೆ. ಹೆಸರೇ ಹೇಳುವಂತೆ ಕಳ್ಳರನ್ನು ಹಿಡಿಯುವ ಕಥೆ. ಅದನ್ನು ಬರೆದವರು ಮೈಸೂರಿನವರೆಲ್ಲ ತಾತಯ್ಯ ಎಂದು ಕರೆದ ಎಂ. ವೆಂಕಟಕೃಷ್ಣಯ್ಯನವರು (1844–1933). ಮರಿಮಲ್ಲಪ್ಪ ಹೈಸ್ಕೂಲಿನ ಮುಖ್ಯೋಪಾಧ್ಯಾಯರು, ಪತ್ರಿಕೆಗಳನ್ನು ನಡೆಸಿದವರು, ಅನಾಥ ಮಕ್ಕಳಿಗೆ ಆಸರೆ ಕಟ್ಟಿಕೊಟ್ಟವರು. ಅಂಥ ಹೆಡ್‌ಮಾಸ್ಟರಿಗೆ ಬೇಡವಾಗದ ಪತ್ತೇದಾರಿ ನಮ್ಮ ಮನೆಯ ಹಿರಿಯರಿಗೇಕೆ ಬೇಡವಾಗಿತ್ತೋ! ಅವರ ನಂತರ ಬಂದವರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಮ. ರಾಮಮೂರ್ತಿಯವರು ಒಬ್ಬರು. ಹಳದಿ ಕೆಂಪಿನ ಕನ್ನಡ ಬಾವುಟವನ್ನು ಕೊಟ್ಟವರೆಂದು ಅವರನ್ನು ಎಲ್ಲರೂ ಬಲ್ಲರು. ಪತ್ತೇದಾರಿ ಕಾದಂಬರಿಗಳನ್ನು ಬರೆದವರೆಂದು ಬಲ್ಲವರು ಕಡಿಮೆ. 1950ರ ದಶಕದಿಂದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಮನೆಮನೆಗೆ ಬಂದ. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಶಾಲೆ ಬಿಟ್ಟ ಎಷ್ಟೋ ಹೆಣ್ಣುಮಕ್ಕಳು ಅಕ್ಷರ ಮರೆಯದೆ ಉಳಿದದ್ದು ಇಂಥ ಪುಸ್ತಕಗಳಿಂದ. ಉಪಾಧ್ಯಾಯಿನಿಯಾಗಿ ಈ ಮಾತನ್ನು ಧೈರ್ಯವಾಗಿ ಹೇಳುತ್ತೇನೆ.

ಇನ್ನು ನಾನು ಹೇಳಬೇಕೆಂದಿರುವ ಪುಸ್ತಕಕ್ಕೆ ಬರುತ್ತೇನೆ. ಅದು ಇಂಗ್ಲಿಷಿನದು. ವಿಲ್ಕಿ ಕಾಲಿನ್ಸ್ ಬರೆದ 'ದಿ ಮೂನ್‌ಸ್ಟೋನ್', ಎಂದರೆ ಚಂದ್ರಶಿಲೆ. 1868ರ ಜನವರಿಯಿಂದ ಆಗಸ್ಟ್‌ವರೆಗೆ ಚಾರ್ಲ್ಸ್ ಡಿಕನ್ಸ್‌ನ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ತಾಯಿ ಸಾವಿನ ಹಾಸಿಗೆಯಲ್ಲಿದ್ದಾಗ, ತಾನೂ ಕೀಲುನೋವಿನಿಂದ ಮಲಗಿದ್ದಾಗ, ಬೇರೆಯವರಿಗೆ ಹೇಳಿ ಬರೆಸಿಯಾದರೂ ಆತ ವಾರದ ಕಂತು ತಪ್ಪಿಸಲಿಲ್ಲವಂತೆ. ಪತ್ತೇದಾರಿ ಸಣ್ಣಕಥೆಯನ್ನು ಅಮೆರಿಕದ ಎಡ್ಗರ್ ಅಲೆನ್ ಪೋ 1841ರಲ್ಲೇ ಬರೆದಿದ್ದ. ಆದರೆ ಇಂಗ್ಲಿಷಿನ ಪತ್ತೇದಾರಿ ಕಾದಂಬರಿಗಳ ಸಾಲಿನಲ್ಲಿ ಮೊದಲ ಮಣೆಯನ್ನು ಕವಿ ಟಿ. ಎಸ್. ಎಲಿಯಟ್ ಕೊಟ್ಟದ್ದು ಈ 'ಮೂನ್‌ಸ್ಟೋನ್'ಗೆ.

ಅಂಥ ಪುಸ್ತಕ ಶುರುವಾಗುವುದು ಎಲ್ಲಿ ಗೊತ್ತೇ? ಲಂಡನ್ನಿನಲ್ಲಲ್ಲ, ನಮ್ಮ ಮನೆಯಿಂದ ಹತ್ತು ಮೈಲಿ ದೂರದ ಶ್ರೀರಂಗಪಟ್ಟಣದಲ್ಲಿ! 1799ರ ಮೇ 4ರಂದು ಕೋಟೆಗೆ ನುಗ್ಗಿದ ಇಂಗ್ಲಿಷ್ ಸೈನ್ಯದಲ್ಲಿ ಹರ್ನ್‌ಕ್ಯಾಸಲ್ ಎಂಬ ಅಧಿಕಾರಿ ಇರುತ್ತಾನೆ. ಅರಮನೆಯ ಆಯುಧಶಾಲೆಯಲ್ಲಿ ಒಂದು ಕೈಯಲ್ಲಿ ಪಂಜು, ಇನ್ನೊಂದು ಕೈಯಲ್ಲಿ ರಕ್ತ ಸುರಿಯುವ ಕಠಾರಿ ಹಿಡಿದು ನಿಂತ ಅವನನ್ನು ಅವನ ದಾಯಾದಿಯೇ ಕಾಣುತ್ತಾನೆ. ಸುತ್ತ ಮೂವರು ಭಾರತೀಯರು ಬಿದ್ದಿರುತ್ತಾರೆ. ಕಠಾರಿಯ ಹಿಡಿಯಲ್ಲಿ ಚಂದ್ರದೇವನಿಗೆ ಸೇರಿದ ಹಳದಿ ವಜ್ರ. ಕೊಲೆಯನ್ನು ಕಣ್ಣಾರೆ ಕಾಣದ ದಾಯಾದಿ ದೂರು ಕೊಡುವುದಿಲ್ಲ. ಸಂಬಂಧ ಕಡಿದುಕೊಂಡು ಮನೆಯವರಿಗೆ ಕಾಗದ ಬರೆದು ಸುಮ್ಮನಾಗುತ್ತಾನೆ. ಕಾದಂಬರಿ ಶುರುವಾಗುವುದು ಆ ಕಾಗದದಿಂದ.

ಕಾಲಿನ್ಸ್ ಎಂದೂ ಭಾರತಕ್ಕೆ ಬಂದವನಲ್ಲ. ವಜ್ರವೂ ಹರ್ನ್‌ಕ್ಯಾಸಲ್ಲೂ ಅವನ ಕಲ್ಪನೆ. ಆದರೆ ಲೂಟಿ ಕಲ್ಪನೆಯಲ್ಲ. ಅಂದು ಟಿಪ್ಪು ಸುಲ್ತಾನ್ ಬಿದ್ದ ಮೇಲೆ ರಾತ್ರಿಯೆಲ್ಲ ಸೈನಿಕರು ಊರನ್ನು ಸೂರೆ ಮಾಡಿದರು. ಮರುದಿನ ಊರಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ನೇಣಿಗೆ ಹಾಕಿಸಿದ ಮೇಲೆ ಅದು ನಿಂತದ್ದು. ಆಮೇಲೆ ನಡೆದದ್ದು ಲೆಕ್ಕ ಬರೆದಿಟ್ಟ ಲೂಟಿ. ಅದಕ್ಕೊಂದು ಸಮಿತಿಯೇ ಇತ್ತು. ಹತ್ತು ಲಕ್ಷ ಪೌಂಡಿಗೂ ಮೀರಿದ ಸೊತ್ತನ್ನು ಸೈನ್ಯಕ್ಕೆ ಅಂತಸ್ತಿನ ಪ್ರಕಾರ ಹಂಚಿತು. ಚಿನ್ನದ ಸಿಂಹಾಸನವನ್ನು ಒಡೆದು ಹಾಕಿದರು. ಅದರ ಹುಲಿಯ ತಲೆ ಮತ್ತು ಹುಮಾ ಹಕ್ಕಿ ಇಂಗ್ಲೆಂಡಿನ ರಾಜಮನೆತನಕ್ಕೆ ಸೇರಿದವು. ಸಿಪಾಯಿಯ ಮೇಲೆರಗಿದ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಟಿಪ್ಪುವಿನ ಮನೆಯ ಹೆಂಗಸರು ಮಕ್ಕಳು ಮುಂದೆ ವೆಲ್ಲೂರಿನ ಕೋಟೆ ಸೇರಿದರು. ಆ ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ರಾಜಧಾನಿ ಮೈಸೂರಿಗೆ ಬಂತು. ನಮ್ಮ ಈ ನಗರ ಬೆಳೆದದ್ದು ಆ ದಿನಗಳಿಂದಲೇ.

ಕಥೆಗೆ ಮರಳೋಣ. ನಲವತ್ತೊಂಬತ್ತು ವರ್ಷ ದಾಟಿ 1848ರ ಜೂನ್ 21. ಯಾರ್ಕ್‌ಶೈರಿನ ಒಂದು ದೊಡ್ಡ ಮನೆ. ಹರ್ನ್‌ಕ್ಯಾಸಲ್ ಉಯಿಲು ಬರೆದು ಬಿಟ್ಟುಹೋದ ವಜ್ರ ಅವನ ಸೋದರ ಸೊಸೆ ರೇಚೆಲ್‌ಗೆ ಹದಿನೆಂಟನೆಯ ಹುಟ್ಟುಹಬ್ಬದಂದು ಸಿಗುತ್ತದೆ. ಆ ರಾತ್ರಿಯೇ ಮಾಯ. ಹೊಸದಾಗಿ ಬಣ್ಣ ಹಚ್ಚಿದ ಬಾಗಿಲಿನಲ್ಲಿ ಯಾರದೋ ಬಟ್ಟೆ ತಾಕಿದ ಗುರುತು ಮಾತ್ರ ಉಳಿಯುತ್ತದೆ. ಲಂಡನ್ನಿನಿಂದ ಸಾರ್ಜೆಂಟ್ ಕಫ್ ಬರುತ್ತಾನೆ. ಕಳ್ಳರಿಗಿಂತ ಗುಲಾಬಿ ಗಿಡಗಳ ಮೇಲೆ ಅವನಿಗೆ ಮೋಹ ಹೆಚ್ಚು.

ಈ ಬಟ್ಟೆಯ ಸುಳಿವು ಒಂದು ನಿಜವಾದ ಪ್ರಕರಣದಿಂದ ಬಂದದ್ದು. 1860ರಲ್ಲಿ ಇಂಗ್ಲೆಂಡಿನ ರೋಡ್ ಎಂಬ ಹಳ್ಳಿಯಲ್ಲಿ ನಾಲ್ಕು ವರ್ಷ ತುಂಬದ ಮಗುವಿನ ಕೊಲೆಯಾಯಿತು. ವಿಚರ್ ಎಂಬ ಪತ್ತೇದಾರ ಕಾಣೆಯಾದ ಒಂದು ರಾತ್ರಿಯಂಗಿಯ ಜಾಡು ಹಿಡಿದು ಮನೆಯ ಮಗಳು ಕಾನ್ಸ್ಟನ್ಸ್ ಕೆಂಟ್ ಮೇಲೆ ಸಂಶಯಪಟ್ಟ. ದೊಡ್ಡ ಮನೆಯ ಮಗಳ ಮೇಲೆ ಬೆರಳು ತೋರಿಸಿದ್ದಕ್ಕೆ ಜನ ಅವನಿಗೇ ಛೀಮಾರಿ ಹಾಕಿದರು. 1865ರಲ್ಲಿ ಆಕೆಯೇ ಒಪ್ಪಿಕೊಂಡಳು.

'ಮೂನ್‌ಸ್ಟೋನ್'ನ ಸೊಗಸು ಅದನ್ನು ಹೇಳಿದ ರೀತಿಯಲ್ಲಿದೆ. ಒಬ್ಬರು ಕಥೆ ಹೇಳುವುದಿಲ್ಲ. ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವಂತೆ ಒಬ್ಬೊಬ್ಬರು ತಾವು ಕಂಡಷ್ಟನ್ನೇ ಬರೆದುಕೊಡುತ್ತಾರೆ. ಮುದುಕ ಮನೆವಾರ್ತೆಯವನು ಬೆಟರೆಜ್, ಕರೆಯದ ಮನೆಗೂ ಹೋಗಿ ಧರ್ಮದ ಕರಪತ್ರ ಹಂಚುವ ಮಿಸ್ ಕ್ಲ್ಯಾಕ್, ವಕೀಲ, ವೈದ್ಯನ ಸಹಾಯಕ, ಹೀಗೆ. ಎಲ್ಲರೂ ನಿಜವನ್ನೇ ಹೇಳುತ್ತಾರೆ, ಆದರೂ ಒಬ್ಬರ ನಿಜ ಇನ್ನೊಬ್ಬರದಕ್ಕೆ ಹೊಂದುವುದಿಲ್ಲ. ಓದುವ ನಾವೇ ನ್ಯಾಯಾಧೀಶರು.

ಇದನ್ನು ತೆರೆಗೆ ತರುವುದು ಕಷ್ಟ. ಕ್ಯಾಮೆರಾ ಒಂದೇ ಕಣ್ಣಿನ ಸಾಕ್ಷಿ. ಅದು ತೋರಿಸಿದ್ದನ್ನು ನಾವು ನಂಬಿಬಿಡುತ್ತೇವೆ. 1934ರಲ್ಲಿ ಅಮೆರಿಕದವರು ಇದನ್ನು ಒಂದು ಗಂಟೆಯ ಸಿನಿಮಾ ಮಾಡಿ, ಕಥೆಯನ್ನು ತಮ್ಮ ಕಾಲಕ್ಕೇ ಎಳೆದುಕೊಂಡರು. ಕಾರು ಬಂದ ಕಾಲದಲ್ಲಿ 1799ರ ಸೋದರಮಾವ ಎಲ್ಲಿಂದ ಬರಬೇಕು? ಶ್ರೀರಂಗಪಟ್ಟಣದ ಕೊಂಡಿಯೇ ಕಳಚಿತು. ಬಿಬಿಸಿಯವರು 1972ರಲ್ಲಿ ಧಾರಾವಾಹಿಯಾಗಿ, 1996ರಲ್ಲಿ ಎರಡು ಗಂಟೆಯ ಚಿತ್ರವಾಗಿ, 2016ರಲ್ಲಿ ಐದು ಕಂತುಗಳಲ್ಲಿ ತೆಗೆದರು. ಉಡುಪು, ಮನೆ, ಸಮುದ್ರತೀರ ಎಲ್ಲ ಕಣ್ಣಿಗೆ ಹಬ್ಬ. ಆದರೆ ಪುಸ್ತಕದಲ್ಲಿ ಮಿಸ್ ಕ್ಲ್ಯಾಕ್ ತನ್ನ ಬರವಣಿಗೆಯಿಂದಲೇ ತನ್ನನ್ನು ಬಯಲು ಮಾಡಿಕೊಳ್ಳುವ ಮಜಾ ತೆರೆಯ ಮೇಲೆ ಹೇಗೆ ಬರಬೇಕು? ಅಲ್ಲಿ ಆಕೆ ನಗು ಬರಿಸುವ ಒಂದು ಮುಖವಾಗಿ ಬಂದು ಹೋಗುತ್ತಾಳೆ.

ತೆರೆಗೆ ತಂದದ್ದೆಲ್ಲ ಕೆಡುತ್ತದೆ ಎಂದು ನಾನು ಹೇಳುತ್ತಿಲ್ಲ. ನಮ್ಮಲ್ಲೇ ಸುನೀಲ್ ಕುಮಾರ್ ದೇಸಾಯಿಯವರ ಚಿತ್ರಗಳನ್ನು ನೋಡಿ. ಅಗಾಥಾ ಕ್ರಿಸ್ಟಿಯ 1958ರ ನಾಟಕ 'ದಿ ಅನೆಕ್ಸ್‌ಪೆಕ್ಟೆಡ್ ಗೆಸ್ಟ್'ನಲ್ಲಿ ಮಂಜಿನ ರಾತ್ರಿ ಅಪರಿಚಿತನೊಬ್ಬ ಒಂದು ಮನೆಗೆ ಬರುತ್ತಾನೆ. ಗಾಲಿಕುರ್ಚಿಯಲ್ಲಿ ಗಂಡನ ಹೆಣ, ಪಕ್ಕದಲ್ಲಿ ಪಿಸ್ತೂಲು ಹಿಡಿದ ಹೆಂಡತಿ. ಹಿಂದಿಯಲ್ಲಿ ಬಿ. ಆರ್. ಚೋಪ್ರಾ 1973ರಲ್ಲಿ ಇದನ್ನು 'ಧುಂದ್' ಮಾಡಿದಾಗ ಹಾಡುಗಳೂ ಬಂದವು. 1989ರಲ್ಲಿ ಅದೇ ಎಳೆಯಿಂದ ದೇಸಾಯಿಯವರು ಶಂಕರ್‌ನಾಗ್, ದೇವರಾಜ್, ವನಿತಾ ವಾಸು ಅವರನ್ನಿಟ್ಟುಕೊಂಡು 'ತರ್ಕ' ತೆಗೆದರು. ಒಂದೂ ಹಾಡಿಲ್ಲ, ಆದರೂ ಜನ ನೋಡಿದರು. 1995ರಲ್ಲಿ ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯಿಂದ ಅವರು 'ಬೆಳದಿಂಗಳ ಬಾಲೆ' ಮಾಡಿದರು. ಅದರಲ್ಲಿ ಕೊಲೆಯಿಲ್ಲ, ಪತ್ತೆಯಿದೆ. ಚದುರಂಗದ ಆಟಗಾರನೊಬ್ಬ ದೂರವಾಣಿಯಲ್ಲಿ ಮಾತಾಡುವ ಹೆಣ್ಣನ್ನು ಹುಡುಕುತ್ತಾನೆ. ಚಿತ್ರ ಮುಗಿದರೂ ಆಕೆಯ ಮುಖ ನಮಗೆ ತೋರಿಸುವುದಿಲ್ಲ. ಓದುಗರು ಮನಸ್ಸಿನಲ್ಲಿ ಕಟ್ಟಿಕೊಂಡ ಮುಖವನ್ನು ಅಳಿಸದೆ ಬಿಟ್ಟ ಆ ವಿವೇಕ ನನಗೆ ಇಂದಿಗೂ ಮೆಚ್ಚುಗೆ.

ತೆರೆಯಲ್ಲಿ ಸಮಯ ಕಡಿಮೆ, ಕತ್ತರಿಸಲೇಬೇಕು. ಕತ್ತರಿ ಆಡುವಾಗ ಕಳ್ಳನಂತೂ ಉಳಿಯುತ್ತಾನೆ, ಪತ್ತೇದಾರನೂ ಉಳಿಯುತ್ತಾನೆ. ಸಣ್ಣವರ ಸಾಕ್ಷಿಗೆ ಮೊದಲು ಪೆಟ್ಟು ಬೀಳುತ್ತದೆ. 'ಮೂನ್‌ಸ್ಟೋನ್'ನಲ್ಲಿ ರೊಸಾನಾ ಎಂಬ ಕೆಲಸದ ಹುಡುಗಿ ಇದ್ದಾಳೆ. ಭುಜ ಊನ, ರೂಪವಿಲ್ಲ, ಹಿಂದೆ ಕಳವು ಮಾಡಿ ಸೆರೆಮನೆ ಕಂಡವಳು. ವಜ್ರ ಕಾಣೆಯಾದಾಗ ಸಂಶಯ ಅವಳತ್ತ ತಿರುಗುತ್ತದೆ. ಅವಳು ರಾತ್ರಿಯೆಲ್ಲ ಕೂತು ಗುಟ್ಟಾಗಿ ಒಂದು ಅಂಗಿ ಹೊಲಿಯುತ್ತಾಳೆ, ತನಗಾಗಿ ಅಲ್ಲ. ಯಾರಿಗಾಗಿ ಎಂದು ಹೇಳಿ ನಿಮ್ಮ ಓದು ಕೆಡಿಸುವುದಿಲ್ಲ. ಅವಳು ಬಿಟ್ಟುಹೋದ ಉದ್ದನೆಯ ಕಾಗದ ಪುಸ್ತಕದ ನಡುವೆ ಬರುತ್ತದೆ. ಅವಳ ಗೆಳತಿ ಬೆಸ್ತರ ಹುಡುಗಿ ಲೂಸಿ, ಕುಂಟಿ. ಲಂಡನ್ನಿಗೆ ಹೋಗಿ ಇಬ್ಬರೂ ಅಕ್ಕತಂಗಿಯರ ಹಾಗೆ ಹೊಲಿಗೆ ಮಾಡಿ ಬದುಕಬೇಕೆಂದು ಲೂಸಿ ಆಸೆಪಟ್ಟಿದ್ದಳು. ಇಷ್ಟು ಸಣ್ಣ ಆಸೆ. ವಜ್ರಕ್ಕಿಂತ ನನಗೆ ಹೆಚ್ಚು ನೆನಪಿರುವುದು ಅದು.

ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ಮಕ್ಕಳ ಪ್ರವಾಸಕ್ಕೆಂದು ಕೂಡಿಸಿದ ಹಣದ ಕವರು ಕಾಣೆಯಾಯಿತು. ಯಾರೂ ಯಾರನ್ನೂ ಕೇಳುವ ಮೊದಲೇ ಆಯಾಳ ಚೀಲವನ್ನು ಮೇಜಿನ ಮೇಲೆ ಸುರಿಯಲಾಯಿತು. ಊಟದ ಡಬ್ಬಿ, ಎಲೆಅಡಿಕೆ ಚೀಲ, ಅರ್ಧ ಮುಗಿದ ಕೆಮ್ಮಿನ ಔಷಧಿ. ಮರುದಿನ ಕವರು ಬೇರೆ ತರಗತಿಯ ಹಾಜರಿ ಪುಸ್ತಕದೊಳಗೆ ಸಿಕ್ಕಿತು. ಆಕೆಗೆ ಒಂದು ಮಾತು ಹೇಳಬೇಕೆಂದು ನಾನು ಸಭೆಯಲ್ಲಿ ಎತ್ತಿದೆ. ವಿಷಯ ಮುಂದಕ್ಕೆ ಹೋಯಿತು. ಆಕೆಯ ಬಳಿ ಹೋದಾಗ, "ಬಿಡಿ ಮೇಡಂ, ದುಡ್ಡು ಸಿಕ್ತಲ್ಲ. ಚೀಲ ಸುರಿದದ್ದನ್ನ ನನ್ನ ಮಗಳು ಮಾತ್ರ ನೋಡಬಾರದಾಗಿತ್ತು" ಎಂದಳು. ಮಗಳು ಅದೇ ಶಾಲೆಯಲ್ಲಿ ಐದನೆಯ ತರಗತಿ. ಜೂನಿನಲ್ಲಿ ಶಾಲೆ ತೆರೆದಾಗ ತಾಯಿಯೂ ಬರಲಿಲ್ಲ, ಮಗಳೂ ಬರಲಿಲ್ಲ. ಈ ಪ್ರಸಂಗವನ್ನು ಈಗಲೂ ಯಾರಾದರೂ ಹೇಳುವುದುಂಟು. "ಕೊನೆಗೆ ಕವರು ಸಿಕ್ಕಿತು" ಎಂಬಲ್ಲಿಗೆ ಕಥೆ ಮುಗಿಯುತ್ತದೆ, ಎಲ್ಲರೂ ನಗುತ್ತಾರೆ.

ಕಾಲಿನ್ಸ್ ಕೂಡ ಎಲ್ಲರಿಗೂ ಲೇಖನಿ ಕೊಡಲಿಲ್ಲ. ವಜ್ರ ಯಾರ ದೇವರದೋ ಅವರ ಕಡೆಯ ಮೂವರು ಬ್ರಾಹ್ಮಣರು ಅದನ್ನು ಹುಡುಕಿ ಕಡಲು ದಾಟಿ, ದೊಂಬರ ವೇಷ ಹಾಕಿ, ಜಾತಿ ಕಳೆದುಕೊಂಡು ಅಲೆಯುತ್ತಾರೆ. ಅವರ ಸಾಕ್ಷಿಗೆ ಪುಸ್ತಕದಲ್ಲಿ ಒಂದು ಅಧ್ಯಾಯವಿಲ್ಲ. ಆದರೆ ಕೊನೆಯಲ್ಲಿ ವಜ್ರವನ್ನು ಸೋಮನಾಥದ ದೇವರ ಹಣೆಗೆ ಹಿಂದಿರುಗಿಸುವ ಧೈರ್ಯ ಆ ಇಂಗ್ಲಿಷಿನವನಿಗಿತ್ತು.

ಮೇ 4 ನಮ್ಮ ಬೇಸಿಗೆ ರಜೆಯ ನಡುವೆಯೇ ಬರುತ್ತದೆ. ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದವರು ಜಲದ್ವಾರ, ಟಿಪ್ಪು ಬಿದ್ದ ಜಾಗ, ದರಿಯಾ ದೌಲತ್ ತೋರಿಸಿ ಬರುತ್ತೀರಿ. ಹಾಗೇ ಅವರಿಗೆ ಈ ವಜ್ರದ ಕಥೆಯನ್ನೂ ಹೇಳಿ. ದೊಡ್ಡ ಮಕ್ಕಳಾದರೆ ಪುಸ್ತಕವನ್ನೇ ಕೊಡಿ, ಬೇಕಾದರೆ ಆಮೇಲೆ ಧಾರಾವಾಹಿ ನೋಡಲಿ. ನೋಡುವಾಗ ಪಕ್ಕದಲ್ಲೊಂದು ಚೀಟಿ ಇಟ್ಟುಕೊಂಡು, ಪುಸ್ತಕದಲ್ಲಿ ಮಾತಾಡಿದವರಲ್ಲಿ ಯಾರ ಮಾತು ಇಲ್ಲಿ ಕೇಳಿಸಲಿಲ್ಲ ಎಂದು ಬರೆಯಲು ಹೇಳಿ. ನನ್ನ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಈ ಕೆಲಸ ಕೊಟ್ಟು ನೋಡಿದ್ದೇನೆ. ಕಳ್ಳ ಯಾರೆಂಬುದಕ್ಕಿಂತ ಈ ಚೀಟಿಯ ಮೇಲೆ ಅವರು ಹೆಚ್ಚು ಹೊತ್ತು ಜಗಳವಾಡಿದರು.