ವಿಶೇಷ ಅಗತ್ಯವುಳ್ಳ ಮಕ್ಕಳ ಕುಟುಂಬಗಳು: ಸಾಮಾಜಿಕ ಮನೋಭಾವ ಮತ್ತು ಕಾನೂನಿನ ರಕ್ಷಣೆ

2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರು ದಾಖಲಾಗಿದ್ದರು. ಈ ಸಂಖ್ಯೆಯು ಮನೆಯವರು ಗಣತಿದಾರರಿಗೆ ನೀಡಿದ ಮಾಹಿತಿಯನ್ನು ಆಧರಿಸಿದೆ. ನೆಂಟರು ಬಂದಾಗ ಒಳಕೋಣೆಗೆ ಸೇರಿಸಲ್ಪಡುವ ಮಗು ಇಂತಹ ಲೆಕ್ಕದಿಂದಲೂ ಹೊರಗುಳಿಯುವ ಸಂಭವವಿರುತ್ತದೆ.

ಮರೆಮಾಚುವಿಕೆಗೆ ಪೋಷಕರನ್ನು ಮಾತ್ರವೇ ಹೊಣೆಗಾರರನ್ನಾಗಿ ಮಾಡುವುದು ಸಮಂಜಸವಲ್ಲ. ಪೂರ್ವಜನ್ಮದ ಕರ್ಮ, ನಾಗದೋಷ, ಗ್ರಹಣಕಾಲದಲ್ಲಿ ಗರ್ಭಿಣಿಯು ಹೊರಬಂದುದು ಮುಂತಾದ ಕಾರಣಗಳನ್ನು ನೀಡಿ ತಾಯಿಯನ್ನು ದೂಷಿಸುವ ಪದ್ಧತಿ ಇಂದಿಗೂ ಉಳಿದಿದೆ. ಮಗುವಿನ ಅಕ್ಕತಂಗಿಯರ ವಿವಾಹ ಸಂಬಂಧ ತಪ್ಪುವುದೆಂಬ ಭಯವೂ ಇದರೊಡನೆ ಸೇರುತ್ತದೆ. ಹೆರಿಗೆ ಸಮಯದಲ್ಲಿ ಆಮ್ಲಜನಕದ ಕೊರತೆ, ಅವಧಿಪೂರ್ವ ಜನನ, ತೀವ್ರ ಕಾಮಾಲೆ, ಮೆದುಳು ಜ್ವರ ಹಾಗೂ ಆನುವಂಶಿಕ ಅಂಶಗಳು ವೈದ್ಯಕೀಯವಾಗಿ ಗುರುತಿಸಲ್ಪಟ್ಟ ಕಾರಣಗಳು. ಹಲವು ಪ್ರಕರಣಗಳಲ್ಲಿ ಯಾವುದೇ ಒಂದು ಕಾರಣವನ್ನು ನಿರ್ಣಯಿಸಲಾಗುವುದಿಲ್ಲ. ತಾಯಿಯ ಲಾಲನೆಯ ಕೊರತೆಯಿಂದ ಆಟಿಸಂ ಬರುತ್ತದೆಂಬ ಮಾತಿಗೆ ಆಧಾರವಿಲ್ಲ.

ಇದರಿಂದಾಗುವ ನಿಜವಾದ ನಷ್ಟ ಕಾಲದ್ದು. "ಈ ವಂಶದಲ್ಲಿ ಮಾತು ತಡ" ಎಂಬ ಹಿರಿಯರ ಸಮಾಧಾನದಲ್ಲಿ ಶ್ರವಣದೋಷವುಳ್ಳ ಮಗುವು ಭಾಷೆ ಕಲಿಯಬೇಕಾದ ಮೊದಲ ವರ್ಷಗಳು ಕಳೆದುಹೋಗುತ್ತವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶಿಶುಗಳ ಶ್ರವಣ ಪರೀಕ್ಷೆಯೂ ಲಭ್ಯವಿದೆ. ಮಗು ಮಾತನಾಡುವವರೆಗೆ ಕಾಯಬೇಕಾಗಿಲ್ಲ.

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಲ್ಲಿ 21 ಬಗೆಯ ವಿಕಲತೆಗಳನ್ನು ಗುರುತಿಸಲಾಗಿದೆ. 1995ರ ಅಧಿನಿಯಮದಲ್ಲಿ ಇವು 7 ಮಾತ್ರ ಇದ್ದವು. ಹಿಂದೆ ಅರ್ಹರಲ್ಲವೆಂದು ಮರಳಿದ ಪೋಷಕರು ಈ ಪಟ್ಟಿಯನ್ನು ಮತ್ತೊಮ್ಮೆ ಪರಿಶೀಲಿಸುವುದು ಸೂಕ್ತ. ಕಲಂ 31ರ ಅನ್ವಯ ಶೇ. 40 ಅಥವಾ ಹೆಚ್ಚಿನ ವಿಕಲತೆಯುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. "ಇತರ ಪೋಷಕರ ಆಕ್ಷೇಪಣೆ" ಎಂಬುದು ಪ್ರವೇಶ ನಿರಾಕರಣೆಗೆ ಕಾರಣವಾಗಲಾರದು. ವಿಕಲಚೇತನರನ್ನು ಸಾರ್ವಜನಿಕರ ಎದುರು ಉದ್ದೇಶಪೂರ್ವಕವಾಗಿ ಅವಮಾನಿಸಿದಲ್ಲಿ ಕಲಂ 92ರನ್ವಯ 6 ತಿಂಗಳಿಗೆ ಕಡಿಮೆಯಿಲ್ಲದ, 5 ವರ್ಷಗಳವರೆಗಿನ ಕಾರಾವಾಸ ಹಾಗೂ ದಂಡ ವಿಧಿಸಬಹುದಾಗಿದೆ. ಕುಂಟ, ಹುಚ್ಚ ಎಂದು ಹೀಯಾಳಿಸುವುದನ್ನು ತಮಾಷೆಯೆಂದು ಭಾವಿಸುವವರು ಇದನ್ನು ಗಮನಿಸತಕ್ಕದ್ದು.

"ನಮ್ಮ ನಂತರ ಇವನಿಗೆ ಯಾರು?" ಎಂಬುದು ಪೋಷಕರ ದೊಡ್ಡ ಚಿಂತೆ. ಮಗುವಿಗೆ 18 ವರ್ಷ ತುಂಬಿದ ನಂತರ ತಂದೆತಾಯಿಯರು ತಾವಾಗಿಯೇ ಕಾನೂನುಬದ್ಧ ಪಾಲಕರಾಗಿ ಮುಂದುವರಿಯುವುದಿಲ್ಲವೆಂಬ ಸಂಗತಿಯು ಅನೇಕರಿಗೆ ತಿಳಿಯುವುದು ಬ್ಯಾಂಕಿನಲ್ಲಿ ಅಥವಾ ಆಸ್ತಿ ವ್ಯವಹಾರದಲ್ಲಿ ತೊಡಕುಂಟಾದಾಗ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ ಮತ್ತು ಬಹುವಿಧ ವಿಕಲತೆಯುಳ್ಳವರಿಗಾಗಿ ರಾಷ್ಟ್ರೀಯ ನ್ಯಾಸ ಅಧಿನಿಯಮ, 1999ರ ಕಲಂ 14ರಡಿ ಜಿಲ್ಲಾಧಿಕಾರಿಗಳನ್ನು ಒಳಗೊಂಡ ಸ್ಥಳೀಯ ಮಟ್ಟದ ಸಮಿತಿಗೆ ಪಾಲಕರ ನೇಮಕಕ್ಕೆ ಅರ್ಜಿ ಸಲ್ಲಿಸಬಹುದು. ನೇಮಕಗೊಂಡವರು 6 ತಿಂಗಳೊಳಗೆ ಆಸ್ತಿಯ ವಿವರಪಟ್ಟಿಯನ್ನೂ, ಆರ್ಥಿಕ ವರ್ಷ ಮುಗಿದ 3 ತಿಂಗಳೊಳಗೆ ಲೆಕ್ಕಪತ್ರವನ್ನೂ ಸಲ್ಲಿಸತಕ್ಕದ್ದು. ಇದು ಕಿರಿಕಿರಿಯೆಂದು ತೋರಬಹುದು. ಆದರೆ ತನ್ನ ಲೆಕ್ಕವನ್ನು ತಾನೇ ಕೇಳಲಾಗದವರ ಆಸ್ತಿಗೆ ಇರುವ ಕಾವಲು ಇದೇ.

ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ ಹಾಗೂ ಪ್ರಮಾಣಪತ್ರಕ್ಕೆ ಯು.ಡಿ.ಐ.ಡಿ. ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ಅರ್ಜಿ ತುಂಬಲು ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು. ವೈದ್ಯಕೀಯ ಪರಿಶೀಲನೆಗೆ ಮಗುವನ್ನು ಹಾಜರುಪಡಿಸತಕ್ಕದ್ದು.