ಬಾಯಿ ಬಿಟ್ಟ ಕಾರ್ಪೆಟ್ಟೂ ಬಿಸಿ ಅಂಟೂ

ಚಾಪೆಯಾಗ್ಲಿ ಕಾರ್ಪೆಟ್ಟಾಗ್ಲಿ, ಹಾಳಾಗ್ಲಿಕ್ಕೆ ಶುರುವಾಗುವುದು ಹೆಚ್ಚಾಗಿ ಅಂಚಿನಿಂದ. ನಮ್ಮ ಹಿರಿಯ ಹೆಂಗಸರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮೂಡೆ ಕಟ್ಟುವ ಮುಂಡೇವಿನ ಎಲೆ ಉಂಟಲ್ಲ, ಅದರ ಚಾಪೆ ಹೆಣೆಯುವವರು ಕೊನೆಗೆ ಬಂದಾಗ ಎಲೆಯ ತುದಿಯನ್ನು ಹಾಗೇ ಬಿಡುವುದಿಲ್ಲ, ತಿರುಗಿಸಿ ಒಳಗೇ ಸಿಕ್ಕಿಸ್ತಾರೆ. ಮತ್ತೂ ಸವೆದ್ರೆ ಹಳೆ ಸೀರೆಯ ಪಟ್ಟಿ ಇಟ್ಟು ಹೊಲಿದ್ರಾಯ್ತು, ಇನ್ನೆರಡು ವರ್ಷ ಬರ್ತದೆ.

ಜಮಖಾನೆಗೂ ಅಂಚಿನದ್ದೇ ಚಿಂತೆ. ಧಾರವಾಡ ಕಡೆಯ ನವಲಗುಂದದ ಜಮಖಾನೆ ಹೆಸರು ಕೇಳಿರ್ತೀರಿ, 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು. ನೇಯುವುದು ಹೆಂಗಸರು. ಆ ಗುಟ್ಟನ್ನು ಸೊಸೆಯಂದಿರಿಗೆ ಹೇಳಿಕೊಡ್ತಿದ್ದರಂತೆ, ಮಗಳಂದಿರಿಗೆ ಇಲ್ಲವಂತೆ. ಮಗಳು ಮದುವೆಯಾಗಿ ಹೋದ್ರೆ ವಿದ್ಯೆಯೂ ಬೇರೆ ಊರಿಗೆ ಹೋಗ್ತದಲ್ಲ! ಸೊಸೆಗೆ ಸಿಕ್ಕಿದ ಒಂದು ದೊಡ್ಡಸ್ತಿಕೆ ಅಂತ ನನಗೆ ಸ್ವಲ್ಪ ಖುಷಿಯೇ ಆಯ್ತು. ಅದರಲ್ಲಿ ಹಾಸು ಹೊಕ್ಕು ಎರಡೂ ಒಂದನ್ನೊಂದು ಹಿಡಿದುಕೊಂಡಿರ್ತವೆ, ತುದಿಯ ನೂಲನ್ನು ಗಂಟು ಹಾಕಿದ್ರೆ ಬಿಚ್ಚುವ ಭಯ ಇಲ್ಲ.

ಆದ್ರೆ ನಮ್ಮ ಕಾಪು, ಉಡುಪಿ ಕಡೆ ಎಷ್ಟೋ ಮನೆಗಳಿಗೆ ಗಲ್ಫಿನಿಂದ ಬಂದ ಕಾರ್ಪೆಟ್ಟಿನ ಕತೆ ಬೇರೆ. ಅದರಲ್ಲಿ ಹೆಚ್ಚಿನವು ನೇಯ್ದದ್ದಲ್ಲ. ಒಂದು ಬಟ್ಟೆಗೆ ಸೂಜಿಯಲ್ಲಿ ನೂಲಿನ ಕುಣಿಕೆ ಕುಣಿಕೆ ಚುಚ್ಚಿ, ಹಿಂದಿನಿಂದ ರಬ್ಬರ್ ಹಾಲಿನಂಥ ಅಂಟು ಬಳಿದದ್ದು. ಈ ವಿದ್ಯೆಯ ಮೂಲ ಒಬ್ಬ ಹುಡುಗಿಯ ಕೈಯಲ್ಲಿ ಉಂಟು. ಅಮೆರಿಕದ ಜಾರ್ಜಿಯಾ ರಾಜ್ಯದ ಡಾಲ್ಟನ್ ಹತ್ತಿರ ಕ್ಯಾಥರೀನ್ ಇವಾನ್ಸ್ ಎಂಬವಳು 1895ರಲ್ಲಿ, ಹದಿಹರೆಯದಲ್ಲೇ, ಹಳೆಯ ಹಾಸಿಗೆ ಹೊದಿಕೆಯೊಂದನ್ನು ನೋಡಿ ತಾನೂ ಹಾಗೇ ದಪ್ಪ ನೂಲು ಚುಚ್ಚಿ ಒಂದು ಮಾಡಿದಳು. 1900ರಲ್ಲಿ ಎರಡೂವರೆ ಡಾಲರಿಗೆ ಒಂದನ್ನು ಮಾರಿದಳು. ಆಮೇಲೆ ಅಕ್ಕಪಕ್ಕದ ಹೆಂಗಸರೆಲ್ಲ ಜಗಲಿಯಲ್ಲಿ ಕೂತು ಇದನ್ನೇ ಮಾಡ್ಲಿಕ್ಕೆ ಶುರು, ಮತ್ತೆ ಯಂತ್ರ ಬಂತು, 1950ರ ಹೊತ್ತಿಗೆ ಅಗಲ ಅಗಲದ ಕಾರ್ಪೆಟ್ಟೇ ಆಯ್ತು. ನಮ್ಮ ಬೀಡಿ ಕಟ್ಟುವವರ ಹಾಗೆ, ಮನೆಯಲ್ಲಿ ಕೂತ ಹೆಂಗಸರ ಕೈಕೆಲಸವೇ ದೊಡ್ಡ ಉದ್ಯಮವಾದದ್ದು.

ಕುಣಿಕೆ ಹಿಡಿದು ನಿಲ್ಲುವುದು ಹಿಂದಿನ ಅಂಟಿನ ಬಲದಿಂದ. ಕತ್ತರಿಸಿದ ಕಡೆ ಒಂದು ನೂಲು ಎಳೆದ್ರೆ ಸ್ವೆಟರ್ ಬಿಚ್ಚಿದ ಹಾಗೆ ಸಾಲೇ ಬರ್ತದೆ. ಹಾಗಾಗಿ ಎರಡು ತುಂಡು ಕೂಡಿಸುವ ಜಾಗವೇ ಕಾರ್ಪೆಟ್ಟಿನ ಬಡಕಲು ಜಾಗ. ಮೊದಲು ಅದನ್ನು ಮೇಣ ಹಚ್ಚಿದ ನೂಲಿನಲ್ಲಿ ಕೈಯಲ್ಲೇ ಹೊಲಿಯುತ್ತಿದ್ದರು. ಆಮೇಲೆ ಅಂಟಿನ ಟೇಪು ಬಂತು. ಅದನ್ನು ಅಡಿಯಲ್ಲಿಟ್ಟು ಇಸ್ತ್ರಿಪೆಟ್ಟಿಗೆಯಂಥದ್ದನ್ನು ಮೆಲ್ಲಗೆ ಎಳೆದ್ರೆ ಅಂಟು ಕರಗ್ತದೆ, ಎರಡು ಅಂಚನ್ನು ಒತ್ತಿ ಹಿಡಿದ್ರೆ ತಣಿದು ಕಚ್ಚಿಕೊಳ್ತದೆ.

ನಮ್ಮ ಹಾಲಿನಲ್ಲಿ ಇರುವುದು ಅತ್ತೆಯ ತಮ್ಮ ಕುವೈತಿನಲ್ಲಿದ್ದಾಗ ಕಳಿಸಿದ್ದು, ಸಾಲದೆ ಎರಡು ತುಂಡು ಜೋಡಿಸಿದ್ದು. ಹೋದ ಆಟಿಯಲ್ಲಿ ಆ ಜೋಡಣೆ ಬಾಯಿ ಬಿಟ್ಟಿತು. ಎಂಬತ್ತೆರಡರ ಅತ್ತೆ, ದೇವರ ಕೋಣೆಯಿಂದ ಬರುವಾಗ ಕಾಲಿನ ಹೆಬ್ಬೆರಳು ಅದರೊಳಗೆ ಹೋಗಿ ಬಿದ್ದೇಬಿಟ್ಟರು. ಮಣಿಕಟ್ಟಿನ ಮೂಳೆ ಬಿರುಕು, ಆರು ವಾರ ಪ್ಲಾಸ್ಟರ್. ಸೊಂಟ ಆಗಿದ್ರೆ ಎಂತ ಕತೆ ಮಾರಾಯ್ತಿ ಅಂತ ಬಂದವರೆಲ್ಲ ಹೇಳಿದ್ದು, ಕಾರ್ಪೆಟ್ಟು ತೆಗೆದು ಬಿಸಾಡು ಅಂತಲೂ ಹೇಳಿದ್ದು. ಬಿಸಾಡ್ಲಿಕ್ಕೆ ಅತ್ತೆಯೇ ಬಿಡ್ಲಿಲ್ಲ. ತಮ್ಮ ಈಗ ಇಲ್ಲ. ಮತ್ತೆ ಮಳೆಗಾಲದಲ್ಲಿ ಬರೀ ನೆಲದ ತಂಪು ಅವರ ಕಾಲಿಗೆ ಆಗುವುದೂ ಇಲ್ಲ. ಕೊನೆಗೆ ಮಣಿಪಾಲದಲ್ಲಿ ಓದುವ ಮಗಳು ಪ್ರಾಜೆಕ್ಟಿಗೆ ತಂದ ಗ್ಲೂ ಗನ್ ಹಿಡ್ಕೊಂಡು ಬಂದಳು.

ಅತ್ತೆ ಅದನ್ನು ನೋಡಿ ಹೇಳಿದ್ದು, "ಓ, ಇದು ಅರಗಲ್ವಾ!" ನಿಜವೇ. ಬಿಸಿಗೆ ಕರಗಿ ತಣಿದಾಗ ಹಿಡಿಯುವ ಅಂಟು ನಮಗೆ ಹೊಸತಲ್ಲ. ಅರಗು ಎಂದ್ರೆ ಮರದ ಕೊಂಬೆಯಲ್ಲಿ ಒಂದು ಸಣ್ಣ ಕೀಟ ಬಿಡುವ ರಾಳ, ಸುಮಾರು 80 ಡಿಗ್ರಿಗೆ ಕರಗ್ತದೆ. ಕತ್ತಿಯ ಹಿಡಿ ಸಡಿಲಾದ್ರೆ ತೂತಿಗೆ ಅರಗಿನ ಪುಡಿ ತುಂಬಿ, ಕತ್ತಿಯ ಬಾಲ ಕಾಯಿಸಿ ಒಳಗೆ ಒತ್ತುವುದು. ಪೋಸ್ಟಾಫೀಸಿನ ಪಾರ್ಸೆಲ್ಲಿಗೆ ಅರಗಿನ ಮುದ್ರೆ. ಟೊಳ್ಳು ಬಳೆಗೆ ಅಕ್ಕಸಾಲಿಗಳು ಅರಗು ತುಂಬುತ್ತಿದ್ದರು, ಹಳೆ ಚಿನ್ನ ಬದಲಿಸ್ಲಿಕ್ಕೆ ಹೋದ್ರೆ ಆ ತೂಕ ಕಳೆಯುವಾಗ ನಮ್ಮ ಮುಖ ಸಪ್ಪೆ ಆಗುವುದು ಬೇರೆ. ಚನ್ನಪಟ್ಟಣದ ಗೊಂಬೆಯ ಬಣ್ಣವೂ ಅರಗೇ, ತಿರುಗುವ ಮರಕ್ಕೆ ಒತ್ತಿ ಹಿಡಿದ್ರೆ ಉಜ್ಜಿದ ಬಿಸಿಗೇ ಕರಗಿ ಮೆತ್ತಿಕೊಳ್ತದೆ. ಮಡಕೆ ಬಿರಿದ್ರೆ ಹಲಸಿನ ಮೇಣ ಬಿಸಿ ಮಾಡಿ ತುಂಬುವುದೂ ಇತ್ತು.

ಎಲ್ಲಕ್ಕಿಂತ ದೊಡ್ಡ ಜೋಡಣೆ ಸಮುದ್ರದಲ್ಲಿ ಇತ್ತು. ಸುಮಾರು 1342ರಲ್ಲಿ ನಮ್ಮ ಬಾರ್ಕೂರಿಗೂ ಬಂದು ಹೋದ ಇಬ್ನ್ ಬತೂತ, ಈ ಕಡೆಯ ಹಡಗಿನ ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿಯುವುದನ್ನು ಬರೆದಿದ್ದಾನೆ. ಮೊಳೆ ಹೊಡೆದದ್ದು ಬಂಡೆಗೆ ತಾಗಿದ್ರೆ ಒಡೆಯುತ್ತದೆ, ಹೊಲಿದದ್ದು ಬಾಗಿ ತಾಳಿಕೊಳ್ತದೆ ಎಂದು ಅವನು ಕಾರಣವನ್ನೂ ಕೊಟ್ಟಿದ್ದಾನೆ. ದೋಣಿಯ ಹಲಗೆ ಸಂದಿಗೆ ನಾರು, ಹತ್ತಿ ತುರುಕಿ ರಾಳ ಎಣ್ಣೆ ಕಾಯಿಸಿ ಬಳಿಯುವುದು ಕರಾವಳಿಯ ಹಳೆ ಕ್ರಮ. ಕಾರ್ಕಳ ಕಡೆ ಘಟ್ಟದ ಬುಡದಲ್ಲಿ ಬೆಳೆಯುವ ಧೂಪದ ಮರದಿಂದಲೂ ಅಂಥ ರಾಳ ಬರ್ತದೆ. ಈಗಿನ ಗ್ಲೂ ಸ್ಟಿಕ್ಕಿನಲ್ಲಿ ಮುಖ್ಯವಾಗಿ ಪ್ಲಾಸ್ಟಿಕ್ ಇದ್ರೂ, ಜೊತೆಗೆ ರಾಳ ಮೇಣ ಸೇರಿಸುವುದು ತಪ್ಪಿಲ್ಲ.

ಮಾಡುವ ಕ್ರಮವನ್ನೂ ಹೇಳಿಬಿಡ್ತೇನೆ, ಸಂಧ್ಯಾ ಅಕ್ಕ ಕೇಳಿದ್ದಾರೆ. ಎದ್ದು ನಿಂತ ನೂಲನ್ನು ಎಳೀಬೇಡಿ, ಕತ್ತರಿಯಿಂದ ಕತ್ತರಿಸಿ. ಎರಡೂ ಅಂಚಿನಲ್ಲಿ, ಬುಡದ ಬಟ್ಟೆಯ ಮಟ್ಟಕ್ಕೆ, ಅಂಟಿನ ಸಪೂರ ಗೆರೆ ಹಾಕಿ. ಮೇಲಿನ ಜುಂಗಿಗೆ ತಾಗಿದ್ರೆ ಗಟ್ಟಿಯಾಗಿ ಧೂಳು ಹಿಡಿಯುತ್ತದೆ. ಅಡಿಗೆ ಒಂದು ಗಟ್ಟಿ ಬಟ್ಟೆಯ ಪಟ್ಟಿ ಕೊಡಿ, ಒಂದೊಂದು ಗೇಣು ಅಂಟಿಸುತ್ತಾ ಹಲಗೆಯಿಂದ ಒತ್ತಿ ಮುಂದೆ ಹೋಗಿ, ಅಂಟು ನಿಮಿಷದೊಳಗೆ ತಣಿಯುತ್ತದೆ. ಹೆಚ್ಚು ಬಿಸಿಯ ಗನ್ 190 ಡಿಗ್ರಿವರೆಗೆ ಹೋಗ್ತದೆ, ಅಗ್ಗದ ಪಾಲಿಪ್ರೊಪಿಲೀನ್ ಕಾರ್ಪೆಟ್ಟು 160ರ ಹತ್ತಿರವೇ ಕರಗ್ತದೆ. ಅದಕ್ಕೆ ಕಡಿಮೆ ಬಿಸಿಯದ್ದನ್ನೇ ತಗೊಳ್ಳಿ, ಒಂದು ಮೂಲೆಯಲ್ಲಿ ಮೊದಲು ನೋಡಿ. ಮಕ್ಕಳನ್ನು ದೂರ ಇಡಿ, ಚರ್ಮಕ್ಕೆ ಬಿದ್ರೆ ಅಂಟಿಕೊಂಡೇ ಸುಡ್ತದೆ. ಮತ್ತೆ ಮಳೆಗಾಲದಲ್ಲಿ ಮಾಡ್ಲಿಕ್ಕೆ ಹೋಗ್ಬೇಡಿ. ಬುಡದಲ್ಲಿ ತೇವ ಇದ್ರೆ ಅಂಟು ಹಿಡಿಯುವುದಿಲ್ಲ. ದೀಪಾವಳಿ ಕಳೆದು ಎರಡು ಬಿಸಿಲು ಕಾಣಿಸಿ ಮತ್ತೆ ಮಾಡಿ.